ಅಕ್ಷರವಿಲ್ಲದ ಪುಸ್ತಕವೂ ದೊಡ್ಡ ಟೀಚರೂ

ಹೊಸ ಚಿತ್ರಪುಸ್ತಕದ ನುಣುಪು ಹಾಳೆಗೊಂದು ವಾಸನೆಯಿದೆ. ಸ್ವಲ್ಪ ಸೀಮೆಎಣ್ಣೆಯಂತೆ, ಸ್ವಲ್ಪ ಅಂಟಿನಂತೆ. ಹೋದ ವಾರ ನಮ್ಮ ಶಾಲೆಗೆ ಅಂಥ ಪುಸ್ತಕಗಳದೊಂದು ಕಟ್ಟು ಬಂತು. ತರಗತಿಯಲ್ಲಿ ಬಳಸಿ ನೋಡಿ, ಮಕ್ಕಳಿಗೆ ಆಗುತ್ತದೋ ಇಲ್ಲವೋ ಬರೆದು ಕಳಿಸಿ ಅಂತ ಜೊತೆಗೊಂದು ನಮೂನೆ. ದಾರ ಕತ್ತರಿಸಿ ಮೇಲಿನ ಪುಸ್ತಕ ಬಿಡಿಸಿದೆ. ಆ ವಾಸನೆ ಬಂದದ್ದೇ ತಡ, ಮುಂದಿನ ಪುಟ ತಿರುವಲು ಕೈ ಏಳಲಿಲ್ಲ... ಹತ್ತು ಹನ್ನೆರಡು ವರ್ಷದ ಹಿಂದಿನ ಒಂದು ಸಭಾಭವನ, ಅಲ್ಲಿ ವೇದಿಕೆಯಲ್ಲಿ ಮೈಕಿನ ಮುಂದೆ ಒಬ್ಬ ಹೆಂಗಸು, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ನಾನು.

ಮಕ್ಕಳ ಬಾಯಲ್ಲಿ ಅವರು ದೊಡ್ಡ ಟೀಚರ್, ನಾನು ಸಣ್ಣ ಟೀಚರ್. ಬೈಂದೂರಿನ ಹತ್ತಿರ, ಹೈವೇ ಬಿಟ್ಟು ಕಡಲ ಬದಿಗೆ ಇಳಿದರೆ ಸಿಗುವ ಶಾಲೆ. ಎರಡು ಕೋಣೆ, ಐದು ತರಗತಿ, ಇಬ್ಬರೇ ನಾವು. ಅವರು ಹೆಡ್ ಟೀಚರ್. ನಾನು ಗೌರವ ಶಿಕ್ಷಕಿ. ಹೆಸರಲ್ಲಿ ಗೌರವವಿದ್ದರೂ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬುದು ಹೆಡ್ ಟೀಚರರ ಒಂದು ಮಾತಿನ ಮೇಲೆ ನಿಂತಿತ್ತು. ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಅದೇ ದೊಡ್ಡದು. ಸೇರಿದ ದಿನವೇ ಅವರ ಪಾಠ ಕೇಳಿ ಬೆರಗಾದೆ. ಹಾಜರಿ ಪುಸ್ತಕ ತೆರೆದಿಟ್ಟುಕೊಂಡು, ಅದರತ್ತ ನೋಡದೆಯೇ ಐವತ್ತು ಚಿಲ್ಲರೆ ಮಕ್ಕಳ ಹೆಸರು ಕೂಗುತ್ತಿದ್ದರು. ಪಾಠ ಓದುವಾಗ ಧ್ವನಿ ಕಡಲಂತೆ ಏರಿ ಇಳಿಯುತ್ತಿತ್ತು. ಸುತ್ತೋಲೆ ಬಂದರೆ ಮಾತ್ರ ನನ್ನನ್ನು ಕರೆಯುವರು. "ಕನ್ನಡ್ಕ ಮನಿಯಂಗೆ ಬಿಟ್ಟಿದೆ ಮಾರಾಯ್ತಿ. ನೀನೇ ಓದ್ ಕಾಂಬ."

ಕನ್ನಡಕ ಪ್ರತಿದಿನ ಮನೆಯಲ್ಲೇ ಇರುತ್ತಿತ್ತು.

ಮೂರು ವಾರದ ಮೇಲೆ ಒಂದು ದಿನ ಮೇಜು ಒರೆಸುವಾಗ ಎರಡನೇ ತರಗತಿಯ ಕನ್ನಡ ಪುಸ್ತಕದ ಜಾಗದಲ್ಲಿ ಮೂರನೆಯದನ್ನು ಇಟ್ಟುಬಿಟ್ಟೆ. ಅವರು ಬಂದು ಅದನ್ನೇ ಎತ್ತಿಕೊಂಡರು, ಬಿಡಿಸಿದರು, ಎರಡನೇ ತರಗತಿಯ ಪಾಠವನ್ನು ಒಂದಕ್ಷರ ತಪ್ಪದೆ "ಓದಿದರು". ಸರಿಯಾದ ಜಾಗದಲ್ಲಿ ಪುಟವನ್ನೂ ತಿರುವಿದರು. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ನಾನು ಬಾಗಿಲಲ್ಲಿ ಸೀಮೆಸುಣ್ಣದ ಡಬ್ಬಿ ಹಿಡಿದು ನಿಂತೇ ಇದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವರೇ ಕೇಳಿದರು. "ಗೊತ್ತಾಯ್ತ್ ಅಲ್ದಾ ಹೆಣೇ?"

ನಮ್ಮ ಕಡೆ ಹುಡುಗಿಯನ್ನು ಸಲಿಗೆಯಿಂದ ಕರೆಯುವುದು ಹಾಗೆ, ಹೆಣೇ ಅಂತ.

"ಬಾಗ್ಲಂಗೆ ನಿಂತದ್ ಗೊತ್ತಾಯ್ತ್ ನಂಗೆ. ನಿನ್ ಬಳಿ ಸದ್ದ್ ನಿಂತ್‌ಹೋಯ್ತ್."

ನಾನು ಕೈಯ ಬಳೆ ನೋಡಿಕೊಂಡೆ. ಅವರ ಕಣ್ಣು ಮೊದಲು ಬದಿಯಿಂದ ಕತ್ತಲಾಗುತ್ತ ಬಂತಂತೆ. ಆಮೇಲೆ ನಡುವೆ ಉಳಿದದ್ದೂ ಮಂಜಾಯಿತಂತೆ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದ್ದಾಯಿತು, ಮದ್ದಿಲ್ಲ ಅಂದಿದ್ದರು. ಈಗ ಹಗಲು ಇರುಳು ತಿಳಿಯುತ್ತದೆ, ಎದುರಿಗೆ ಯಾರೋ ಇದ್ದಾರೆ ಅಂತ ತಿಳಿಯುತ್ತದೆ, ಅಷ್ಟೇ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಮದುವೆಯಾದವರಲ್ಲ. ಶಾಲೆಯ ಹಿಂದಿನ ಬಾಡಿಗೆ ಮನೆಯಲ್ಲಿ ಒಬ್ಬರೇ. ಇದ್ದ ಒಬ್ಬ ತಮ್ಮ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು.

"ತಮ್ಮಂಗೆ ಗೊತ್ತಾರೆ ಬಂದ್ ಕರ್ಕಂಡ್ ಹೋತ. ಒಳ್ಳೆವ್ನೇ. ಆರೆ ಅಲ್ಲಿ ಎಂತ ಇತ್ತ್ ನಂಗೆ? ಮೂರ್ ಮಾಳ್ಗಿ ಮೇಲ್ ಒಂದ್ ಮಂಚ. ಇಲ್ಲಿ ಆರೆ ಬಾವಿಕಟ್ಟಿ ಗೊತ್ತಿತ್ತ್, ಶಾಲಿ ಮೆಟ್ಲ್ ಗೊತ್ತಿತ್ತ್, ಮಕ್ಳ್ ದನಿ ಗೊತ್ತಿತ್ತ್." ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತ್ತು. "ಯಾರಿಗೂ ಹೇಳ್ಬೇಡ."

ಹೇಳುವುದಿಲ್ಲ ಅಂದೆ. ಇಪ್ಪತ್ಮೂರು ವರ್ಷದವಳು ನಾನು. ಅದೊಂದು ಮಾತು ಎಷ್ಟು ಉದ್ದವಿರುತ್ತದೆ ಅಂತ ಗೊತ್ತಿರಲಿಲ್ಲ.

ಅಂದಿನಿಂದ ನಾನು ರಜೆ ಹಾಕುವ ಹಾಗಿಲ್ಲ. ಚಿಕ್ಕಮ್ಮನ ಮಗಳ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟಕ್ಕೆ ಮೊದಲೇ ಬಸ್ಸು ಹತ್ತಿದೆ. ಜ್ವರ ಬಂದರೂ ಶಾಲೆ. ಎರಡೂ ಕೋಣೆಯ ಕಾಪಿ ಪುಸ್ತಕ ನಾನೇ ತಿದ್ದಬೇಕು, ಅವರ ಹೆಸರಿನ ವರದಿ ನಾನೇ ಬರೆಯಬೇಕು. ಸಹಿಗೆ ಅವರ ತೋರುಬೆರಳನ್ನು ಹಿಡಿದು ಕಾಗದದ ಮೇಲೆ ಇಡುತ್ತಿದ್ದೆ; ಅಲ್ಲಿಂದ ಅವರು ಸಲೀಸಾಗಿ ಹಾಕುವರು. ಹೊರಗೆ ಜೀಪಿನ ಸದ್ದಾದರೆ ಆಫೀಸಿನವರೇ ಬಂದರು ಅಂತ ಇಬ್ಬರೂ ಕಿವಿ ನಿಮಿರಿಸುತ್ತಿದ್ದೆವು. ಕೆಲವು ದಿನ ಸಿಟ್ಟು ಬರುತ್ತಿತ್ತು. ಇವರ ಕಣ್ಣಿಗೆ ನನ್ನನ್ನೇಕೆ ಕಟ್ಟಿಹಾಕಿಕೊಂಡರು, ಮಕ್ಕಳಿಗೂ ಇದು ಮೋಸ ಅಲ್ಲವೇ ಅನ್ನಿಸುತ್ತಿತ್ತು. ಆದರೆ ಅವರ ಪಾಠದಲ್ಲಿ ಮೋಸವಿರಲಿಲ್ಲ... ಒಂದು ಮಗುವಿನ ಓದು ಎಲ್ಲಿ ಎಡವುತ್ತದೆ ಅಂತ ಅವರ ಕಿವಿಗೆ ತಿಳಿದಷ್ಟು ನನ್ನ ಎರಡು ಕಣ್ಣಿಗೂ ತಿಳಿಯುತ್ತಿರಲಿಲ್ಲ.

ಸಂಜೆ ಹೊತ್ತು ನನ್ನನ್ನು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ತಯಾರು ಮಾಡಿದವರೂ ಅವರೇ. ಪ್ರಶ್ನೆ ಕೇಳಿ ಕೇಳಿ ಬಾಯಿಪಾಠ ಮಾಡಿಸುವರು. ನಾನು ಪಾಸಾಗಬೇಕು ಅಂತ ಅವರಿಗಿತ್ತು. ಪಾಸಾದರೆ ಹೋಗಿಬಿಡುತ್ತೇನೆ ಅಂತ ಹೆದರಿಕೆಯೂ ಇತ್ತು. ಎರಡನ್ನೂ ಅವರ ದನಿಯಲ್ಲಿ ಕೇಳುತ್ತಿದ್ದೆ.

ಎರಡನೇ ವರ್ಷ ಆ ಪುಸ್ತಕಗಳು ಬಂದವು. ಹತ್ತು ಚಿತ್ರಪುಸ್ತಕ, ಜೊತೆಗೆ ನಮೂನೆ. ಪ್ರತಿ ಪುಸ್ತಕವನ್ನೂ ತರಗತಿಯಲ್ಲಿ ಓದಿಸಿ ಭಾಷೆ, ಚಿತ್ರ, ನೀತಿ, ವಯಸ್ಸಿಗೆ ತಕ್ಕದ್ದೇ ಅಲ್ಲವೇ ಎಲ್ಲ ಬರೆಯಬೇಕು. ನಾಲ್ಕೈದು ಶಾಲೆಗಳನ್ನು ಆರಿಸಿದ್ದರು, ಅದರಲ್ಲಿ ನಮ್ಮದೂ ಒಂದು. ಅವರು ಒಳ್ಳೆಯ ಟೀಚರ್ ಅಂತ ಹೆಸರಾದದ್ದೇ ಮುಳುವಾಯಿತು. ಗುರುವಾರ ಮೇಲಿನ ಆಫೀಸಿನ ಸಾಹೇಬರು ಬಂದು ತರಗತಿಯಲ್ಲಿ ಕೂತು ನೋಡುತ್ತಾರೆ ಅಂತ ತಿಳಿಸಿದ್ದರು.

ಒಂಬತ್ತು ಪುಸ್ತಕ ಕಷ್ಟವಾಗಲಿಲ್ಲ. ನಾನು ಒಂದು ಸಲ ಓದಿದರೆ ಅವರಿಗೆ ಬಾಯಿಗೆ ಬರುತ್ತಿತ್ತು. ಹತ್ತನೆಯದನ್ನು ಬಿಡಿಸಿ ಪುಟದ ಮೇಲೆ ಪುಟ ತಿರುವಿದೆ.

"ಎಂತ ಆಯ್ತ್? ಓದ್."

"ಇದ್ರಂಗೆ ಅಕ್ಷರವೇ ಇಲ್ಲ ಟೀಚರ್."

ಒಂದು ಆಡು ಬಸ್ಸು ಹತ್ತುವ ಕತೆ. ಬರೀ ಚಿತ್ರ. ಬಸ್ಸಿನ ತುಂಬ ಜನ, ಅವರ ಕೈಯಲ್ಲಿ ಬುಟ್ಟಿ, ಕೊಡೆ, ಕೋಳಿ, ಮಡಿಲಲ್ಲಿ ಮಗು. ಪ್ರತಿ ಪುಟದಲ್ಲೂ ಎಲ್ಲರ ಜಾಗ ಬದಲು, ಎಲ್ಲರ ಮುಖ ಬದಲು. ನಾನು ವಿವರಿಸುತ್ತ ಹೋದೆ. ಅವರು ಹಣೆ ಹಿಡಿದುಕೊಂಡು ಕೇಳಿದರು. ಮೂರನೇ ಪುಟಕ್ಕೆ ಕೈ ಎತ್ತಿ ತಡೆದರು.

"ಅಕ್ಷರ ಆರೆ ನುಂಗ್ಲಕ್ಕ್. ಚಿತ್ರ ಎಂತ ಮಾಡುದ್?"

ಆ ಸಂಜೆ ಅವರು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತಿದ್ದರು. ಹುಷಾರಿಲ್ಲ ಅಂತ ರಜೆ ಹಾಕಿ ಅಂದೆ. ರಜೆ ಹಾಕಿದರೆ ಸಾಹೇಬರು ಇನ್ನೊಂದು ದಿನ ಬರುತ್ತಾರೆ ಅಂದರು. ಅದೂ ನಿಜವೇ.

ಗುರುವಾರ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಪುಸ್ತಕ ತಿರುವಿ ನೋಡಿ ಅವರಿಗೆ ಆಗಲೇ ಬೇಸರ ಬಂದಿತ್ತು. "ಅಕ್ಷರ ಇಲ್ಲದ ಪುಸ್ತಕದಲ್ಲಿ ಮಕ್ಕಳು ಕಲಿಯೋದು ಏನು? ಇದನ್ನು ಬೇಡ ಅಂತ ಬರೆದುಬಿಡುವುದು ಒಳ್ಳೆಯದು" ಅಂದರು. ದೊಡ್ಡ ಟೀಚರ್ ಕುರ್ಚಿ ಬಿಟ್ಟು ನೆಲದ ಮೇಲೆ, ಎರಡನೇ ತರಗತಿಯ ಮಕ್ಕಳ ನಡುವೆ ಕಾಲು ಮಡಚಿ ಕೂತರು. ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎದೆಗೆ ಆನಿಸಿ ಹಿಡಿದರು.

"ದಿನಾ ನಾನ್ ಹೇಳುದ್, ನೀವ್ ಕೇಂಬುದ್. ಇವತ್ತ್ ನೀವ್ ಹೇಳಿ, ನಾನ್ ಕೇಂತೆ. ಒಂದೂ ಬಿಡುಕಾಗ. ಬಸ್ಸಂಗೆ ಯಾರೆಲ್ಲ ಇದ್ರ್?"

ಎದುರಿಗೆ ಕೂತಿದ್ದ ಒಬ್ಬ ಹುಡುಗಿ ಶುರು ಮಾಡಿದಳು. ಮೀನು ಮಾರುವವರ ಮಗಳು, ಚುರುಕು. "ಆಡ್ ನಡೂಕೆ ನಿಂತ್ಕಂಡಿತ್ತ್ ಟೀಚರ್. ಅದ್ರ ಬಲ್ದ್ ಬದಿಗೆ ಒಬ್ರ್ ಅಜ್ಜ. ಅಜ್ಜನ್ ತೊಡಿ ಮೇಲ್ ಚೀಲ. ಚೀಲ್ದಿಂದ ಬಸ್ಳಿ ಸೊಪ್ಪ್ ಹೊರಗ್ ಬಂದಿತ್ತ್. ಅಜ್ಜ ಕಿಟ್ಕಿ ಬದಿಗ್ ಕಾಂತಿದ್ರ್, ಅವ್ರಿಗ್ ಗೊತ್ತಿಲ್ಲ."

"ಬಸ್ಳಿ ಅಲ್ಲ, ಹರ್ಗಿ!" ಅಂತ ಹರಿವೆಯ ಪರ ಇನ್ನೊಬ್ಬ.

"ಹರ್ಗಿ ದಂಟ್ ಹಾಂಗ್ ಬಳ್ಕುದಿಲ್ಲ, ಕಾಣ್!"

ಸಾಹೇಬರು ಮುಂದಕ್ಕೆ ಬಾಗಿದರು. ಆಡು ಆ ಸೊಪ್ಪಿಗೆ ಹೇಗೆ ಬಾಯಿ ಹಾಕಿತು, ಕಂಡಕ್ಟರ್ ಏನಂದ, ಕೋಳಿ ಯಾಕೆ ಹೆದರಿತು, ಮಗು ಆಡಿನ ಕಿವಿ ಹಿಡಿದದ್ದು ಯಾವ ಕೈಯಲ್ಲಿ, ಒಂದೊಂದೂ ಬಂತು. ಮೇಲೆ ಕೆಳಗೆ, ಎಡ ಬಲ, ಬಣ್ಣ, ಗಾತ್ರ. ದೊಡ್ಡ ಟೀಚರ್ "ಅಲ್ದಾ? ಮತ್ತೆ?" ಅನ್ನುತ್ತ ಪುಟ ತಿರುವುತ್ತ ಹೋದರು. ಎಂದೂ ಬಾಯಿ ಬಿಡದಿದ್ದ ಇಬ್ಬರು ಮಕ್ಕಳು ಅವತ್ತು ಮಾತಾಡಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಾಹೇಬರು ಹೊರಡುವಾಗ ಕೈಮುಗಿದರು. ಬೇಡ ಅಂದ ಪುಸ್ತಕಕ್ಕೆ ಅವರೇ ಶಿಫಾರಸು ಮಾಡುತ್ತೇನೆ ಅಂದರು. ನಮೂನೆ ತುಂಬಲು ಕೂತಾಗ "ಪುಸ್ತಕದ ನೀತಿ?" ಅಂತ ಓದಿದೆ. "ಬಸ್ಸಂಗೆ ಚೀಲದ್ ಬಾಯಿ ಕಟ್ಟಿ ಇಡಿ ಅಂತ ಬರಿ" ಅಂದು ದೊಡ್ಡ ಟೀಚರ್ ಮನಸಾರೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ಕೇಳಿದ್ದು ಅದೊಂದೇ ಸಲ. ನಾನು "ಸಹಬಾಳ್ವೆ" ಅಂತ ಬರೆದೆ.

ಆ ನಗು ಎರಡು ವಾರ ಉಳಿಯಿತು. ಆಮೇಲೆ ಪತ್ರ ಬಂತು. ಕುಂದಾಪುರದಲ್ಲಿ ಅರವತ್ತು ಮಂದಿ ಟೀಚರುಗಳ ಮುಂದೆ ಅದೇ ಪುಸ್ತಕದ ಪಾಠ ಮಾಡಿ ತೋರಿಸಬೇಕು. ಅದನ್ನು ನೋಡಿ ಎಲ್ಲ ಶಾಲೆಗೂ ಆ ಪುಸ್ತಕ ಕೊಡುವುದೋ ಬೇಡವೋ ತೀರ್ಮಾನ. ಪತ್ರವನ್ನು ಅವರಿಗೆ ಎರಡು ಸಲ ಓದಿ ಹೇಳಿದೆ. ಆಗುವುದಿಲ್ಲ ಅನ್ನಲು ಒಂದು ಕಾರಣ ಬೇಕು; ಇದ್ದ ಒಂದೇ ಕಾರಣವನ್ನು ಹೇಳುವ ಹಾಗಿಲ್ಲ. ಅದೇ ವಾರ ನನ್ನ ನೇಮಕಾತಿ ಆದೇಶವೂ ಬಂತು. ಕೊಕ್ಕರ್ಣೆ ಬದಿಯ ಶಾಲೆ. ಕೂಡಲೇ ಸೇರಬೇಕು. ಆ ಕಾಗದವನ್ನು ಮೂರು ದಿನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ನಾಲ್ಕನೇ ದಿನ ಅವರೇ ಕೇಳಿದರು, ಆದೇಶ ಬಂತಾ ಅಂತ.

"ನಾನ್ ಹೋದ್ರೆ ನಿಮಗೆ ಹ್ಯಾಂಗೆ ಟೀಚರ್?"

"ನಿನ್ನ್ ಕಟ್ಟಿ ಹಾಕುಕೆ ನೀನೆಂತ ಆಡಾ?" ಅಂದರು. ನಾನು ಬ್ಯಾಗು ಹೆಗಲಿಗೇರಿಸುವಾಗ, "ಕುಂದಾಪ್ರಕ್ ಮಾತ್ರ ಬಾ" ಅಂದರು.

ಹೊರಟ ದಿನ ಬಸ್‌ಸ್ಟ್ಯಾಂಡಿನ ತನಕ ಆ ಮೀನು ಮಾರುವವರ ಹುಡುಗಿ ನನ್ನ ಜೊತೆ ಬಂದಳು. ಬಸ್ಸು ಕಾಣುವ ಹೊತ್ತಿಗೆ ನನ್ನ ಸೆರಗು ಎಳೆದು ಹೇಳಿದಳು. "ಸಣ್ಣ ಟೀಚರ್, ಹೆದ್ರಬೇಡಿ. ದೊಡ್ಡ ಟೀಚರಿಗೆ ಕಣ್ಣ್ ಕಾಂತಿಲ್ಲ ಅಂತ ನಮ್ಗೆಲ್ಲ ಗೊತ್ತಿತ್ತ್. ಹೇಳುಕೆ ನಾವಿಲ್ಯಾ?"

ನಾನು ಮೆಟ್ಟಿಲ ಮೇಲೆ ಕಾಲಿಟ್ಟವಳು ಹಾಗೇ ನಿಂತೆ. ಕಂಡಕ್ಟರ್ ಬೈದ. ಎರಡು ವರ್ಷ ನಾವಿಬ್ಬರೇ ಹೊತ್ತಿದ್ದೇವೆ ಅಂದುಕೊಂಡ ಗುಟ್ಟನ್ನು ಏಳು ವರ್ಷದ ಮಕ್ಕಳು, ಹೊರಗೆ ಯಾರಿಗೂ ಬಾಯಿ ಬಿಡದೆ, ಮನೆಯಲ್ಲೂ ಹೇಳದೆ ಹೊತ್ತಿದ್ದರು. ಅವತ್ತು ಬಸಳೆಯ ದಂಟಿನ ತನಕ ಅವರು ಹೇಳಿದ್ದು ಸಾಹೇಬರಿಗಾಗಿ ಅಲ್ಲ, ಪುಸ್ತಕ ಚೆಂದವಿದ್ದದ್ದಕ್ಕೂ ಅಲ್ಲ. ತಮ್ಮ ಟೀಚರಿಗೆ ಕಾಣಲಿ ಅಂತ. ಇದನ್ನು ದೊಡ್ಡ ಟೀಚರಿಗೆ ತಿಳಿಸಬೇಕಿತ್ತು. ಮತ್ತೆ ಸಿಕ್ಕಾಗ ಹೇಳೋಣ ಅಂದುಕೊಂಡೆ.

ಕುಂದಾಪುರದ ಸಭಾಭವನದ ಬಾಗಿಲಲ್ಲಿ ಅವರು ಸಿಕ್ಕಿದರು. ಊರಿನ ಯಾರೋ ಬಸ್ಸಿನಿಂದ ಇಳಿಸಿ ತಂದುಬಿಟ್ಟಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ. ನನ್ನ ಕೈಯನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟರು. ಮಾತಿಗೆ ಹೊತ್ತಿರಲಿಲ್ಲ, ಆಫೀಸಿನವರು ಅವರನ್ನು ಕರೆದುಕೊಂಡು ಹೋಗಿ ವೇದಿಕೆಯಲ್ಲಿ ಕೂರಿಸಿದರು. ನಾನು ಮೂರನೇ ಸಾಲಿನಲ್ಲಿ ನನ್ನ ಹೊಸ ಶಾಲೆಯ ಹೆಡ್‌ಮಾಷ್ಟ್ರ ಪಕ್ಕದಲ್ಲಿ ಕೂತೆ. ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು.

ಪಾಠಕ್ಕೆ ಅಂತ ಪೇಟೆಯ ಶಾಲೆಯಿಂದ ಹತ್ತು ಮಕ್ಕಳನ್ನು ತಂದಿದ್ದರು. ಬಿಳಿ ಸಾಕ್ಸು, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಕೈ. ಅರವತ್ತು ಮಂದಿ ದೊಡ್ಡವರ ಮುಂದೆ ಅವರಿಗೆ ಉಸಿರೇ ಇರಲಿಲ್ಲ. ದೊಡ್ಡ ಟೀಚರ್ ಪುಸ್ತಕವನ್ನು ಎದೆಗೆ ಆನಿಸಿ ರಟ್ಟು ತೆರೆದರು. ನಮ್ಮ ಶಾಲೆಯ ಪ್ರತಿಯಲ್ಲಿ ರಟ್ಟು ತೆರೆದ ಕೂಡಲೇ ಬಸ್ಸು. ಮೊದಲಿಗಿದ್ದ ಬಿಳಿ ಹಾಳೆಯನ್ನು ಯಾವುದೋ ಮಗು ಕಾಗದದ ದೋಣಿ ಮಾಡಿತ್ತು. ಇದು ಹೊಸ ಪ್ರತಿ, ಬಿಳಿ ಹಾಳೆ ಹಾಗೇ ಇತ್ತು.

"ಇದ್ರಂಗೆ ಯಾರೆಲ್ಲ ಇದ್ರ್? ಹೇಳಿ ಕಾಂಬ."

ಮಕ್ಕಳು ಮುಖ ಮುಖ ನೋಡಿಕೊಂಡರು. ಅವರು ಇನ್ನೊಂದು ಸಲ ಕೇಳಿದರು. ಕಡೆಗೆ ಒಂದು ಮಗು ಎದ್ದು ನಿಂತು ಕೈ ಕಟ್ಟಿ, "ಏನೂ ಇಲ್ಲ ಟೀಚರ್, ಖಾಲಿ ಹಾಳೆ" ಅಂದಿತು.

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಟೀಚರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ ನಗು. ಒಂದು ಮಾತು ಸಾಕಿತ್ತು. ಒಂದು ಹಾಳೆ ಮುಂದೆ, ಟೀಚರ್. ಅಷ್ಟೇ. ನನಗೆ ಅದು ಗೊತ್ತಿತ್ತು, ಬಾಯಿಯ ತನಕ ಬಂದಿತ್ತು. ಎದ್ದು ನಿಂತರೆ ನಿನಗೆ ಹೇಗೆ ಗೊತ್ತು ಅನ್ನುತ್ತಾರೆ. ಎರಡು ವರ್ಷದ ವರದಿಗಳ ಅಕ್ಷರ ಯಾರದ್ದು ಅನ್ನುತ್ತಾರೆ. ಹನ್ನೊಂದು ದಿನದ ನೌಕರಿ... ಪಕ್ಕದಲ್ಲಿ ಹೆಡ್‌ಮಾಷ್ಟ್ರು.

ಅವರು ಪುಸ್ತಕವನ್ನು ಇಳಿಸಲಿಲ್ಲ. ಮುಖವನ್ನು ನಿಧಾನ ಸಭೆಯ ಕಡೆಗೆ ತಿರುಗಿಸಿದರು, ಎಡದಿಂದ ಬಲಕ್ಕೆ, ಹುಡುಕುವವರ ಹಾಗೆ. ಮತ್ತೆ ಮೆಲ್ಲಗೆ ಕರೆದರು.

"ಹೆಣೇ?"

ಮೈಕು ಅದನ್ನು ಮೂಲೆ ಮೂಲೆಗೂ ಕೇಳಿಸಿತು. ಯಾರನ್ನು ಕರೆದದ್ದು ಅಂತ ಯಾರಿಗೂ ತಿಳಿಯಲಿಲ್ಲ. ನಾನು ತಲೆ ತಗ್ಗಿಸಿದೆ.

ಎಷ್ಟು ಹೊತ್ತು ಕಾದರೋ... ನನಗೆ ಇವತ್ತಿಗೂ ಅಂದಾಜಿಲ್ಲ. ಆಮೇಲೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಹೇಳಿದರು. "ನಂಗೆ ಕಣ್ಣ್ ಕಾಂತಿಲ್ಲ. ಎರಡ್ ವರ್ಷದ್ ಮೇಲಾಯ್ತ್. ಯಾರಿಗೂ ಹೇಳ್ಲಿಲ್ಲ, ತಪ್ಪ್ ನಂದೇ. ಪುಸ್ತಕದ್ ತಪ್ಪಲ್ಲ. ಪುಸ್ತಕ ಲಾಯ್ಕಿತ್ತ್, ಎಲ್ಲ ಶಾಲಿಗೂ ಕೊಡಿ. ಕೊಟ್ಟ್ ಮೇಲೆ ಮಕ್ಳ್ ಹೇಳುದನ್ನ್ ಕೇಣಿ."

 ಸಾಹೇಬರೇ ಎದ್ದು ಬಂದು ಕೈ ಹಿಡಿದು ಇಳಿಸಿದರು.

ಆಮೇಲೆ ವಿಚಾರಣೆ ಅಂತಾಯಿತು. ವರದಿಗಳನ್ನು ಬರೆದದ್ದು ಯಾರು ಅಂತ ಕೇಳಿದ್ದಕ್ಕೆ ದೊಡ್ಡ ಟೀಚರ್, ನಾನೇ ಬರೆದೆ ಅಂದರಂತೆ. ಕಣ್ಣಿಲ್ಲದೆ ಹೇಗೆ ಬರೆದಿರಿ ಅಂದರೆ, ಮೂವತ್ತು ವರ್ಷದ ಅಭ್ಯಾಸ ಅಂದರಂತೆ. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಬರಲಿಲ್ಲ. ಸಾಹೇಬರು ಫೈಲು ಮುಚ್ಚಿ, ಕಣ್ಣಿನ ಕಾರಣ ಬರೆಸಿ ನಿವೃತ್ತಿ ಕೊಡಿಸಿದರು. ಪುಸ್ತಕ ಎಲ್ಲ ಶಾಲೆಗೂ ಬಂತು, ಕೊಕ್ಕರ್ಣೆಗೂ ಬಂತು. ತಮ್ಮ ಬಂದು ಅವರನ್ನು ಬೈಂದೂರು ಸ್ಟೇಷನ್ನಿನಿಂದ ರೈಲು ಹತ್ತಿಸಿದರು. ಆ ದಿನ ಎರಡನೇ ತರಗತಿ ಪೂರ್ತಿ ಪ್ಲಾಟ್‌ಫಾರ್ಮಿನಲ್ಲಿತ್ತಂತೆ. ನಾನು ಹೋಗಲಿಲ್ಲ. ಶಾಲೆಯಲ್ಲಿ ಕೆಲಸವಿತ್ತು ಅಂತ ಎಲ್ಲರಿಗೂ ಹೇಳಿದೆ.

ಆರು ವರ್ಷದ ಮೇಲೆ, ನೆಂಟರ ಮನೆಯ ಉಪನಯನಕ್ಕೆ ಮುಂಬಯಿಗೆ ಹೋದವಳು ವಿಳಾಸ ಹುಡುಕಿಕೊಂಡು ಹೋದೆ. ಮೂರನೇ ಮಾಳಿಗೆ. ಅವರು ಹೇಳಿದ್ದ ಹಾಗೆಯೇ ಒಂದು ಮಂಚ, ಸರಳಿನ ಕಿಟಕಿ. ತಮ್ಮನ ಹೆಂಡತಿ ಒಳ್ಳೆಯವರು, ಚಾ ತಂದಿಟ್ಟು ಹೊರಗೆ ಹೋದರು. ಕೆಳಗೆ ವಾಹನಗಳ ಸದ್ದು. ಅದರಲ್ಲಿ ಒಂದೂ ಗುರುತಿನ ದನಿಯಿಲ್ಲ. ನಾನು ಬಾಗಿಲು ದಾಟುವ ಮೊದಲೇ ಅವರು, ನನ್ನ ಬಳೆಯ ಸದ್ದು ಕೇಳಿ, "ಬಳಿ ಬದ್ಲ್ ಮಾಡಿದೆ ಅಲ್ದಾ? ನಡಿಗಿ ಅದೇ ಇತ್ತ್" ಅಂದರು.

ಮಕ್ಕಳಿಗೆ ಎಲ್ಲ ಗೊತ್ತಿತ್ತು ಅನ್ನುವುದನ್ನು ಆಗ ಹೇಳಿದೆ. ಅವರು ಅಲ್ಲಾಡದೆ ಕೇಳಿದರು. ಕಣ್ಣಂಚು ಒದ್ದೆಯಾಯಿತು. "ಮತ್ತೊಂದ್ಸಲ ಹೇಳ್" ಅಂದರು. ಮತ್ತೊಂದು ಸಲ ಹೇಳಿದೆ.

"ಟೀಚರ್, ಅವತ್ತ್ ಸಭೆಯಂಗೆ ನಾನ್..."

"ಬಿಡ್. ನೀನ್ ಇದ್ದದ್ ನಂಗ್ ಗೊತ್ತಿತ್ತ್. ನಾನ್ ಕರಿಬಾರ್ದಿತ್ತ್." ನನ್ನ ಕೈಯನ್ನು ಹುಡುಕಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ಒಂದ್ ಕೇಂತೆ. ನೀನ್ ಶಾಲಿಗ್ ಬಪ್ಪತ್ತಿಗೆ ನನ್ ಕಣ್ಣ್ ಹೋಯಿತ್ತ್. ನಿನ್ ಮುಖ ನಾನ್ ಕಂಡದ್ದೇ ಇಲ್ಲ. ಹ್ಯಾಂಗಿತ್ತ್, ಹೇಳ್ ಕಾಂಬ?"

 "ಸಾಧಾರಣ, ಟೀಚರ್" ಅಂದೆ.

"ಅಷ್ಟೆಯಾ?" ಅಂದರು. ಚಾ ಆರುತ್ತಿತ್ತು. ಉಪನಯನದ ಮನೆಯವರು ಕಾಯುತ್ತಿದ್ದಾರೆ ಅಂತ ನಾನು ಎದ್ದೆ.

ಮರುವರ್ಷ ಅವರು ಹೋದ ಸುದ್ದಿ ಬಂತು. ಬೈಂದೂರಿನವರೊಬ್ಬರು ಮಾತಿನ ನಡುವೆ ಹೇಳಿದರು. ಆಗಲೇ ಹದಿನೈದು ದಿನ ಕಳೆದಿತ್ತು.

ಈಗ ಕೆಲವು ಸಲ ಬೆಳಿಗ್ಗೆ ಶಾಲೆಗೆ ಹೊರಡುವಾಗ ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತೇನೆ. ಉದ್ದ ಮುಖ, ಟೀಚರ್. ಎಡ ಹುಬ್ಬಿನ ಮೇಲೆ ಸಣ್ಣ ಕಲೆ, ಚಿಕ್ಕವಳಿದ್ದಾಗ ಬಿದ್ದದ್ದು. ಕಿವಿಯ ಹತ್ತಿರ ಕೂದಲು ನೆರೆತಿದೆ. ನಗುವಾಗ ಕೆಳತುಟಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ... ಒಂದನ್ನೂ ಬಿಡದೆ ಹೇಳುತ್ತೇನೆ. ಕೇಳಲು ಅವರಿಲ್ಲ.